ತಂತಿ ಬಂದರೆ ರಜೆ

ಏಪ್ರಿಲ್ ಕಳೆದು ಮೇ ತಿಂಗಳು ಕಾಲಿಡುತ್ತಲೇ ನಮ್ಮ ಸಂಘದ ಕಚೇರಿಗೆ ಬರುವ ಬಾಂಧವರ ಮಾತಿನ ಧಾಟಿಯೇ ಬದಲಾಗುತ್ತದೆ. ವರ್ಷದ ಉಳಿದ ದಿನಗಳಲ್ಲಿ ಸಂಬಳದ ಮಾತು, ಕೋಣೆಯ ಬಾಡಿಗೆಯ ಮಾತು, ಅಕ್ಕಿಯ ಕ್ರಯದ ಮಾತು. ಮೇ ಬಂತೆಂದರೆ ಊರಿನ ಮಾತು. ತಂಗಿಯ ಮದುವೆ, ದಾಯಾದಿಗಳ ಮನೆಯೊಕ್ಕಲು, ಮಕ್ಕಳ ಶಾಲೆಗೆ ರಜೆ, ಮಳೆ ಹಿಡಿಯುವ ಮುಂಚೆ ಮಾಡಿನ ಒಡೆದ ಹಂಚು ಬದಲಿಸುವ ಕೆಲಸ, ಹೀಗೆ ಒಬ್ಬೊಬ್ಬರಿಗೆ ಒಂದೊಂದು. ಸೂರತ್ತಿನಿಂದ ಬಂದವರಾಗಲಿ, ಬರೋಡೆಯಿಂದ ಬಂದವರಾಗಲಿ, ಈ ಅಹಮದಾಬಾದಿನವರೇ ಆಗಲಿ, ಕೊನೆಗೆ ಎಲ್ಲರ ಮಾತೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಧಣಿಗಳು ಬಿಡುತ್ತಾರೋ ಇಲ್ಲವೋ?

ಈ ‘ಬಿಡುವುದು’ ಎಂಬ ಶಬ್ದವನ್ನು ನಾವು ಸ್ವಲ್ಪ ಗಮನಿಸಬೇಕು. ಕಟ್ಟಿಹಾಕಿದ ದನವನ್ನು ಬಿಡುತ್ತಾರೆ. ಸೆರೆಯಲ್ಲಿದ್ದವನನ್ನು ಬಿಡುತ್ತಾರೆ. ಸಂಬಳಕ್ಕೆ ದುಡಿಯುವ ಮನುಷ್ಯನು ತನ್ನ ಹೆಂಡತಿ ಮಕ್ಕಳನ್ನು ನೋಡಲು ಹೋಗುವುದಕ್ಕೂ ನಾವು ಅದೇ ಶಬ್ದವನ್ನು ಯಾವ ಸಂಕೋಚವೂ ಇಲ್ಲದೆ ಬಳಸುತ್ತಿದ್ದೇವೆ. ಆಡುವವರು ಧಣಿಗಳಲ್ಲ, ನಾವೇ. ರಜೆಯು ನಮ್ಮ ದುಡಿಮೆಯ ಒಂದು ಪಾಲು ಎಂಬುದು ನಮ್ಮ ನಾಲಗೆಗೇ ಇನ್ನೂ ಹತ್ತಿಲ್ಲವೆಂದ ಮೇಲೆ ಗಲ್ಲಾದಲ್ಲಿ ಕುಳಿತವರಿಗೆ ಹೇಗೆ ಹತ್ತಬೇಕು?

ನಮ್ಮಲ್ಲಿ ಐವತ್ತು ದಾಟಿದವರಿಗೆ ತಂತಿಯ ಕಾಲ ನೆನಪಿದ್ದೇ ಇದೆ. ಆಗ ಹೋಟೆಲಿನಲ್ಲಿ ರಜೆ ಕೇಳಿ ಪಡೆದವರು ಕಡಿಮೆ. ತಂತಿ ತರಿಸಿ ಪಡೆದವರೇ ಹೆಚ್ಚು. ಊರಿನ ಗೆಳೆಯನಿಗೆ ಒಂದು ಕಾಗದ ಹಾಕಿದರೆ ಕೆಲವು ದಿನಗಳಲ್ಲಿ, ತಾಯಿಗೆ ಗಂಭೀರವಾಗಿದೆ ಕೂಡಲೇ ಹೊರಡು ಎಂಬರ್ಥದ ಇಂಗ್ಲಿಷ್ ತಂತಿಯೊಂದು ಗಲ್ಲಾದ ಮೇಜಿಗೆ ಬಂದು ಬೀಳುತ್ತಿತ್ತು. ಧಣಿಗಳು ಅದನ್ನು ಓದಿ, ಒಂದು ಕ್ಷಣ ಸುಮ್ಮನಿದ್ದು, ಪ್ರಯಾಣದ ಖರ್ಚು ತೆಗೆದು ಕೊಡುತ್ತಿದ್ದರು. ಅದು ಸುಳ್ಳೆಂದು ತರಿಸಿದವನಿಗೆ ಗೊತ್ತು, ಧಣಿಗಳಿಗೂ ಅರ್ಧ ಗೊತ್ತು. ಗೊತ್ತಿದ್ದೂ ನಡೆಯುತ್ತಿದ್ದ ಈ ನಾಟಕಕ್ಕೆ ಒಂದು ವಿಧದ ಮರ್ಯಾದೆ ಇತ್ತೆಂದೇ ಹೇಳಬೇಕು: ಕೇಳುವವನು ಹಕ್ಕೆಂದು ಕೇಳಲಿಲ್ಲ, ಕೊಡುವವನು ಹಕ್ಕೆಂದು ಕೊಡಲಿಲ್ಲ, ಇಬ್ಬರ ಮುಖವೂ ಉಳಿಯಿತು. ಆದರೆ ಬದುಕಿರುವ ತಾಯಿಯ ಮುಖವನ್ನು ನೋಡಲು ತಂತಿಯಲ್ಲಿ ಆಕೆಯನ್ನು ಹಾಸಿಗೆ ಹಿಡಿಸಬೇಕಾಗಿತ್ತು.

ನಮ್ಮ ಹಿರಿಯ ಸದಸ್ಯರೊಬ್ಬರ ಪ್ರಸಂಗವನ್ನು ಇಲ್ಲಿ ಹೇಳುತ್ತೇವೆ. 1979ರಲ್ಲಿ ಅವರು ಇದೇ ನಗರದ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದರು. ಹಿಂದಿನ ವರ್ಷ ಅಕ್ಕನ ಮದುವೆಗೆ ಹೋಗಲು ಒಂದು ಸುಳ್ಳು ತಂತಿ ತರಿಸಿದ್ದರು. ಆ ವರ್ಷ ಆಟಿ ತಿಂಗಳಲ್ಲಿ ಇನ್ನೊಂದು ತಂತಿ ಬಂತು. ಧಣಿಗಳು ಓದಿ ನಕ್ಕರು. ‘ಆಟಿಯಲ್ಲಿ ಯಾರ ಮದುವೆ ಮಾರಾಯಾ?’ ಎಂದು ಎಲ್ಲರೆದುರು ಕೇಳಿದರು. ಅಡುಗೆಮನೆಯಿಂದ ಭಟ್ಟರೂ ನಕ್ಕರು. ಇವರು ಅತ್ತರೂ ನಂಬುವವರಿಲ್ಲ. ನಾಲ್ಕು ದಿನ ಕಳೆದು ಎರಡನೆಯ ತಂತಿ ಬಂದಾಗ ಧಣಿಗಳೇ ಮುಂಬಯಿಯ ರೈಲಿಗೆ ಕೂರಿಸಿ ಬಂದರು. ಅಲ್ಲಿಂದ ಬಸ್ಸು, ದಾರಿಯುದ್ದಕ್ಕೂ ಮಳೆ, ಘಾಟಿಯಲ್ಲಿ ಮಣ್ಣು ಕುಸಿದು ಅರ್ಧ ದಿನ ತಡೆ. ಊರು ಮುಟ್ಟಿದಾಗ ಅಂಗಳದಲ್ಲಿ ಹಾಕುತ್ತಿದ್ದುದು ಬೊಜ್ಜದ ಚಪ್ಪರ.

ಆ ಧಣಿಗಳು ಕಟುಕರೇನೂ ಆಗಿರಲಿಲ್ಲ. ಮುಂದೆ ಅವರೇ ಇವರಿಗೆ ಸ್ವಂತ ಗಾಡಿ ಇಡಲು ಸಾಲ ಕೊಟ್ಟರು; ಇಂದಿಗೂ ಇವರು ಅವರ ಹೆಸರನ್ನು ಗೌರವದಿಂದಲೇ ಹೇಳುತ್ತಾರೆ. ಆದರೆ ಆ ನಾಲ್ಕು ದಿನ ಹಿಂದಕ್ಕೆ ಬರಲಿಲ್ಲ. ಅಂದು ಆ ಹೋಟೆಲಿನಲ್ಲಿ ನಾಲ್ಕಾಣೆಯ ಒಂದು ಪುಸ್ತಕದಲ್ಲಿ ರಜೆಯ ಲೆಕ್ಕ ಬರೆದಿಟ್ಟಿದ್ದರೆ ಮೊದಲನೆಯ ಸುಳ್ಳು ತಂತಿಯೂ ಬೇಕಿರಲಿಲ್ಲ, ನಿಜವಾದ ತಂತಿಗೆ ನಗುವ ಪ್ರಸಂಗವೂ ಬರುತ್ತಿರಲಿಲ್ಲ.

2013ರ ಜುಲೈಯಲ್ಲಿ ದೇಶದಲ್ಲಿ ತಂತಿ ಸೇವೆಯೇ ನಿಂತಿತು. ಪದ್ಧತಿ ಮಾತ್ರ ನಿಲ್ಲಲಿಲ್ಲ. ಈಗ ಆಸ್ಪತ್ರೆಯ ಹಾಸಿಗೆಯ ಫೋಟೋ ಫೋನಿನಲ್ಲಿ ತರಿಸಿ ತೋರಿಸು ಎನ್ನುತ್ತಾರಂತೆ.

ನಾವು ವಾಸವಾಗಿರುವ ಈ ಅಹಮದಾಬಾದು ದುಡಿಮೆ ಮತ್ತು ಸಂಸಾರದ ಪ್ರಶ್ನೆಯನ್ನು ದೇಶದಲ್ಲೇ ಬಹಳ ಮುಂಚೆ ಎತ್ತಿದ ಊರು ಎಂಬುದನ್ನು ನಮ್ಮ ತರುಣರು ತಿಳಿಯಬೇಕು. ಇಲ್ಲಿ ಮೊದಲ ಬಟ್ಟೆಯ ಮಿಲ್ಲು ಓಡತೊಡಗಿದ್ದು 1861ರಲ್ಲಿ. ಅದಾಗಿ ಅರ್ಧ ಶತಮಾನದ ಮೇಲೆ, ಮಿಲ್ ಮಾಲಿಕರ ಮನೆಯ ಮಗಳಾದ ಅನಸೂಯಾಬೆನ್ ಸಾರಾಭಾಯಿಯವರು ಒಂದು ಬೆಳಿಗ್ಗೆ ಅಂಗಳದಲ್ಲಿದ್ದಾಗ ಹದಿನೈದು ಮಂದಿ ಹೆಂಗಸರು ನಿದ್ದೆಯಲ್ಲಿ ನಡೆಯುವವರ ಹಾಗೆ ಹಾದುಹೋಗುವುದನ್ನು ಕಂಡರು. ವಿಚಾರಿಸಿದಾಗ ಅವರು ಮೂವತ್ತಾರು ಗಂಟೆ ಮಿಲ್ಲಿನಲ್ಲಿ ಒಂದೇ ಸಮ ದುಡಿದು ಬರುತ್ತಿದ್ದವರೆಂದು ತಿಳಿಯಿತು. ಅನಸೂಯಾಬೆನ್ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಅವರು 1914ರಲ್ಲಿ ಮಿಲ್ ಕಾರ್ಮಿಕರ ಮಕ್ಕಳಿಗಾಗಿ ಶಾಲೆ ತೆರೆದರು. ಅಂದರೆ ಈ ಊರಿನ ಕಾರ್ಮಿಕ ಚಳವಳಿಯು ಶುರುವಾದದ್ದು ಸಂಬಳದ ಕಾಗದದಿಂದಲ್ಲ, ತಾಯಿ ಮನೆಯಲ್ಲಿಲ್ಲದ ಮಗುವಿನಿಂದ.

1918ರ ಹೋರಾಟ ಎಲ್ಲರಿಗೂ ತಿಳಿದದ್ದು. ಪ್ಲೇಗಿನ ಕಾಲದಲ್ಲಿ ಕೊಟ್ಟಿದ್ದ ಬೋನಸ್ಸನ್ನು ಮಾಲಿಕರು ನಿಲ್ಲಿಸಿದಾಗ ಕಾರ್ಮಿಕರು ಶೇಕಡಾ 35 ಹೆಚ್ಚಳ ಕೇಳಿದರು. ಮಾಲಿಕರು 20ಕ್ಕಿಂತ ಮೇಲೆ ಏರಲಿಲ್ಲ. ಅಕ್ಕ ಅನಸೂಯಾಬೆನ್ ಕಾರ್ಮಿಕರ ಪಕ್ಷ, ತಮ್ಮ ಅಂಬಾಲಾಲರು ಮಾಲಿಕರ ಪಕ್ಷ. ಮಾರ್ಚ್ 15ರಂದು ಗಾಂಧೀಜಿ ಉಪವಾಸ ಹಿಡಿದರು, ಮೂರು ದಿನಗಳಲ್ಲಿ ರಾಜಿಯಾಯಿತು. ಅದರಿಂದ 1920ರಲ್ಲಿ ಮಜೂರ್ ಮಹಾಜನ ಸಂಘ ಹುಟ್ಟಿತು. ಆ ಸಂಘದಲ್ಲಿ 1922ರಿಂದ 1946ರವರೆಗೆ ಕಾರ್ಯದರ್ಶಿಯಾಗಿದ್ದ ಗುಲ್ಜಾರಿಲಾಲ್ ನಂದಾ ಅವರು ಮುಂದೆ ಕೇಂದ್ರದ ಕಾರ್ಮಿಕ ಮಂತ್ರಿಗಳಾದರು. ಅವರು ಮಂತ್ರಿಗಳಾಗಿದ್ದಾಗಲೇ, 1957ರ ಜುಲೈಯಲ್ಲಿ, ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಕನಿಷ್ಠ ವೇತನವನ್ನು ಹೇಗೆ ಎಣಿಸಬೇಕೆಂದು ಗೊತ್ತುಮಾಡಿತು.

ಆ ಲೆಕ್ಕವನ್ನು ನಾವೆಲ್ಲ ಒಮ್ಮೆ ನೋಡುವುದು ಒಳ್ಳೆಯದು. ಸಂಪಾದಿಸುವವನು ಒಬ್ಬ, ಅವನ ಹಿಂದೆ ಹೆಂಡತಿ, ಇಬ್ಬರು ಮಕ್ಕಳು. ಗಂಡಸಿಗೆ ಒಂದು ಪಾಲು, ಹೆಂಗಸಿಗೆ 0.8, ಮಕ್ಕಳಿಗೆ ತಲಾ 0.6, ಒಟ್ಟು ಮೂರು ಪಾಲಿನ ಊಟ. ತಲೆಗೆ 18 ಗಜದಂತೆ ನಾಲ್ವರಿಗೆ ವರ್ಷಕ್ಕೆ 72 ಗಜ ಬಟ್ಟೆ. ಮನೆ ಬಾಡಿಗೆ. ಸೌದೆ, ದೀಪ, ಚಿಲ್ಲರೆಗೆ ಒಟ್ಟು ವೇತನದಲ್ಲಿ ಶೇಕಡಾ 20. 1991ರಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಇನ್ನೂ ಶೇಕಡಾ 25ನ್ನು ಸೇರಿಸಿ, ಮಕ್ಕಳ ವಿದ್ಯೆ, ಔಷಧ, ಹಬ್ಬ ಹರಿದಿನ, ಮದುವೆ, ಮುಪ್ಪು ಇವೂ ವೇತನದ ಒಳಗೇ ಬರಬೇಕೆಂದು ಹೇಳಿತು. ದುಡಿಯುವವನ ಹಿಂದೆ ಒಂದು ಸಂಸಾರವಿದೆ ಎಂದು ಸರಕಾರವೂ ನ್ಯಾಯಾಲಯವೂ ಒಪ್ಪಿದ್ದು ಸಣ್ಣ ವಿಷಯವಲ್ಲ.

ಆದರೆ ಈ ಲೆಕ್ಕವನ್ನು ಹಾಕಿದವರ ಕಣ್ಣ ಮುಂದಿದ್ದುದು ಗೋಮತೀಪುರದ ಚಾಳಿನ ಕೋಣೆಯಂಥದೊಂದು ಕೋಣೆ. ಮಿಲ್ಲಿನ ಪಾಳಿ ಮುಗಿಸಿ ಗಂಡ ಅಲ್ಲಿಗೇ ಬರುತ್ತಾನೆ, ಅಲ್ಲೇ ಒಂದು ಒಲೆ ಉರಿಯುತ್ತದೆ, ನಾಲ್ವರೂ ಅದೇ ಒಲೆಯ ಅನ್ನ ಉಣ್ಣುತ್ತಾರೆ. ನಮ್ಮ ಹೋಟೆಲ್ ಬಂಧುವಿನ ಸಂಸಾರ ಈ ಲೆಕ್ಕದಲ್ಲಿ ಕೂಡುವುದಿಲ್ಲ. ಅವನದು ಎರಡು ಒಲೆಯ ಸಂಸಾರ. ಒಂದು ಊರಿನಲ್ಲಿ, ಒಂದು ಇಲ್ಲಿ. ಎರಡರ ನಡುವೆ ಒಂದು ಹಗಲು ಒಂದು ರಾತ್ರಿಯ ರೈಲು. ಆ ರೈಲಿನ ಖರ್ಚನ್ನಾಗಲಿ, ಅದಕ್ಕೆ ಬೇಕಾಗುವ ದಿನಗಳನ್ನಾಗಲಿ 1957ರಲ್ಲಿ ಯಾರೂ ಎಣಿಸಲಿಲ್ಲ. ನಾವೂ ಹೋಗಿ ಕೇಳಲಿಲ್ಲ.

ನಮ್ಮವರು ಈ ಕಸುಬಿಗೆ ಬಂದ ರೀತಿಯೇ ಹಾಗಿತ್ತು. ಹನ್ನೆರಡು ಹದಿಮೂರರ ಹುಡುಗ, ಊರಿನವರೇ ಯಾರೋ ಕರೆತಂದರು, ಕಪ್ಪು ಬಸಿ ತೊಳೆಯಲು ನಿಂತ. ಊಟ ಧಣಿಗಳದೇ, ಮಲಗುವುದು ಹೋಟೆಲಿನಲ್ಲೇ, ರಾತ್ರಿ ಬಾಗಿಲು ಹಾಕಿದ ಮೇಲೆ ಜೋಡಿಸಿದ ಮೇಜುಗಳ ಮೇಲೆ. ನಾವೂ ಹಾಗೆ ಮಲಗಿದವರೇ. ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವುದನ್ನು ಸರಕಾರವು 2006ರ ಅಕ್ಟೋಬರ್ 10ರಿಂದ ನಿಷೇಧಿಸಿತು, ಅದು ಬಹಳ ಒಳ್ಳೆಯದಾಯಿತು. ಆದರೆ ಆ ಹುಡುಗನಿಗಾಗಿ ಮಾಡಿದ ಏರ್ಪಾಡೇ ನಲವತ್ತು ವರ್ಷದ, ಮದುವೆಯಾದ ಗಂಡಸಿಗೂ ಉಳಿದುಬಿಟ್ಟಿತು. ‘ಊಟ ವಸತಿ ಸಹಿತ’ ಎಂದು ಹೇಳಿ ಅದರ ಮೌಲ್ಯವನ್ನು ಸಂಬಳದಲ್ಲಿ ಹಿಡಿಯುತ್ತಾರೆ. ಆ ಊಟವನ್ನು ಅವನು ಹೆಂಡತಿಯೊಂದಿಗೆ ಹಂಚಿಕೊಳ್ಳಲಾರ, ಆ ವಸತಿಗೆ ಮಗುವನ್ನು ತರಲಾರ. ಹೀಗೆ ಎಷ್ಟು ವಯಸ್ಸಾದರೂ, ಎಷ್ಟು ಮಕ್ಕಳಾದರೂ, ಹೋಟೆಲಿನ ಲೆಕ್ಕದಲ್ಲಿ ಅವನು ಅವಿವಾಹಿತನೇ.

ಸಮಯದ ಲೆಕ್ಕವೂ ಅಷ್ಟೆ. ಗುಜರಾತಿನಲ್ಲಿ 2019ರವರೆಗೆ ನಡೆದ 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯು ಹೋಟೆಲ್ ಕೆಲಸಗಾರನಿಗೆ ದಿನಕ್ಕೆ ಒಂಬತ್ತು ಗಂಟೆಯ ದುಡಿಮೆಯೆಂದು ಹೇಳಿತ್ತು. ಕೇಳಲು ಚೆನ್ನಾಗಿಯೇ ಇತ್ತು. ಆದರೆ ಆ ಒಂಬತ್ತು ಗಂಟೆಗಳನ್ನು ಹದಿನಾಲ್ಕು ಗಂಟೆಗಳ ಉದ್ದಕ್ಕೆ ಹರಡಬಹುದೆಂದೂ ಅದೇ ಕಾಯಿದೆ ಹೇಳಿತ್ತು. ಬೆಳಗಿನ ತಿಂಡಿಗೆ ಆರಕ್ಕೆ ನಿಂತವನು ರಾತ್ರಿ ಎಂಟಕ್ಕೆ ಬಿಡುಗಡೆಯಾಗುತ್ತಾನೆ. ನಡುವೆ ಮಧ್ಯಾಹ್ನ ಒಂದಿಷ್ಟು ಬಿಡುವು. ಆ ಬಿಡುವಿನಲ್ಲಿ ಹೋಗಿ ಬರಲು ಹತ್ತಿರದಲ್ಲಿ ಒಂದು ಮನೆಯಿದ್ದರೆ ಅದು ಬಿಡುವು. ಮನೆಯೇ ಇಲ್ಲದವನಿಗೆ ಕಾಂಕರಿಯಾ ಕೆರೆಯ ದಂಡೆಯ ಮರದ ನೆರಳು. ಅದೇ ಕಾಯಿದೆಯಲ್ಲಿ, ವರ್ಷಕ್ಕೆ 240 ದಿನ ದುಡಿದವನಿಗೆ ಸಂಬಳ ಸಹಿತ 21 ದಿನಗಳ ರಜೆ ಎಂದೂ ಇತ್ತು. ಆ ಎಪ್ಪತ್ತು ವರ್ಷಗಳಲ್ಲಿ ಅದನ್ನು ಪೂರ್ತಿಯಾಗಿ ಪಡೆದ ಹೋಟೆಲ್ ಬಂಧುಗಳು ಯಾರಾದರೂ ಇದ್ದರೆ ನಮ್ಮ ಕಚೇರಿಗೆ ಬರಲಿ, ಒಂದು ಶಾಲು ಹೊದಿಸೋಣ.

ಸೂರತ್ತಿನ ಪವರ್‌ಲೂಮುಗಳಲ್ಲಿ ಒಡಿಶಾದ ಗಂಜಾಂ ಜಿಲ್ಲೆಯ ನಮ್ಮ ಸಹೋದರರ ಸ್ಥಿತಿ ಇದಕ್ಕಿಂತ ಕಠಿಣ. ಹನ್ನೆರಡು ಗಂಟೆಗಳ ಪಾಳಿ. ಒಂದೇ ಕೋಣೆಯಲ್ಲಿ ಹಗಲು ಪಾಳಿಯವರು ಎದ್ದ ಜಾಗದಲ್ಲಿ ರಾತ್ರಿ ಪಾಳಿಯವರು ಮಲಗುತ್ತಾರೆ. ಬರೋಡೆಯ ಕಡೆ ನೋಡಿದರೆ ಇನ್ನೊಂದು ಚಿತ್ರ ಕಾಣುತ್ತದೆ. 1960ರ ದಶಕದಲ್ಲಿ ಅಲ್ಲಿ ಕೋಯಲಿಯ ತೈಲ ಶುದ್ಧೀಕರಣ ಕಾರ್ಖಾನೆ, ರಾಸಾಯನಿಕ ಗೊಬ್ಬರದ ಕಾರ್ಖಾನೆ ಬಂದಾಗ ಅವುಗಳ ಜೊತೆಗೇ ನೌಕರರ ಕ್ವಾರ್ಟರ್ಸುಗಳೂ ಬಂದವು. ಅಂಥ ಕಡೆ ಕೆಲಸ ಸಿಕ್ಕಿದ ನಮ್ಮ ಹುಡುಗರು ಮದುವೆಯಾದ ವರ್ಷವೇ ಬಿಡಾರ ಹೂಡಿದರು. ಅವರ ಮಕ್ಕಳು ತಂದೆಯ ಜೊತೆಯಲ್ಲೇ ಬೆಳೆದರು. ಅವರೂ ಉಡುಪಿ ಕುಂದಾಪುರದವರೇ, ಹೋಟೆಲಿನವರೂ ಅಲ್ಲಿಯವರೇ. ಕೆಲಸದೊಡನೆ ಎರಡು ಕೋಣೆಯ ಮನೆ ಸಿಕ್ಕಿತೋ ಇಲ್ಲವೋ, ಅಷ್ಟರಿಂದ ಒಂದು ಸಂಸಾರ ಹೇಗಿರಬೇಕೆಂಬುದು ನಿಶ್ಚಯವಾಯಿತು.

ಇನ್ನು ಊರಿನ ಒಲೆಯ ಕಡೆಗೆ ಬರೋಣ. ಇದನ್ನು ಬರೆಯುವಾಗ ನಮಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ. ಮೇಲಿನ ವೇತನದ ಲೆಕ್ಕದಲ್ಲಿ ಒಂದು ಮಾತನ್ನು ನಾವು ಬೇಕೆಂದೇ ಹಿಂದಿಟ್ಟಿದ್ದೆವು. ಹೆಂಡತಿಯ ಮತ್ತು ಮಕ್ಕಳ ಸಂಪಾದನೆಯನ್ನು ಗಣನೆಗೆ ತೆಗೆದುಕೊಳ್ಳಬಾರದು ಎಂದು ಸಮ್ಮೇಳನ ಹೇಳಿತ್ತು. ಉದ್ದೇಶ ಒಳ್ಳೆಯದೇ; ಗಂಡನ ಸಂಬಳವೊಂದರಿಂದಲೇ ಮನೆ ನಡೆಯಲಿ ಎಂದು. ಆದರೆ ಗಂಡಸರಾದ ನಾವು ಅದನ್ನು ಬೇರೆ ರೀತಿ ಅರ್ಥಮಾಡಿಕೊಂಡೆವು: ಹೆಂಡತಿಯ ದುಡಿಮೆ ಗಣನೆಗೇ ಬರತಕ್ಕದ್ದಲ್ಲ ಎಂದು. ‘ನಾನು ದುಡಿದು ಕಳಿಸುತ್ತೇನೆ, ಅವಳು ಮನೆಯಲ್ಲಿದ್ದಾಳೆ’ ಎಂದು ಎಷ್ಟು ಸಲ ನಾವು ಹೇಳಿಲ್ಲ!

ಅವಳು ಮನೆಯಲ್ಲಿ ಏನು ಮಾಡುತ್ತಿದ್ದಳು? ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕಡೆ ಮನೆಮನೆಯಲ್ಲೂ ಬೀಡಿ ಕಟ್ಟುತ್ತಿದ್ದಳು. ಮಂಗಳೂರಿನ ಬೀಡಿ ಕಂಪನಿಗಳ ಎಲೆ, ಹೊಗೆಸೊಪ್ಪು, ನೂಲು ಬ್ರಾಂಚಿನಿಂದ ತಂದು, ಅತ್ತೆಯ ಕಷಾಯ, ಹಟ್ಟಿಯ ದನ, ಮಕ್ಕಳ ಊಟ ಇವುಗಳ ನಡುವೆ ಸಾವಿರದ ಲೆಕ್ಕದಲ್ಲಿ ಬೀಡಿ ಸುತ್ತಿ ಒಪ್ಪಿಸುತ್ತಿದ್ದಳು. ನಾವು ಕಳಿಸಿದ ಹಣ ತಿಂಗಳು ತಪ್ಪಿದಾಗ ಅಂಗಡಿಯ ಸಾಲ ತೀರಿದ್ದು ಆ ಹಣದಿಂದ. ಎಲೆ ಹಾಳಾಗಿದೆಯೆಂದು, ಕಟ್ಟು ಸಡಿಲವೆಂದು ಬ್ರಾಂಚಿನಲ್ಲಿ ತೆಗೆದುಹಾಕಿದ ಬೀಡಿಯ ನಷ್ಟವೂ ಅವಳದೇ. ಎಷ್ಟೋ ಮನೆಗಳಲ್ಲಿ ಇಂದಿಗೂ ಆ ಕೆಲಸವಿದೆ, ಎಲೆ ಮಾತ್ರ ಮೊದಲಿನಷ್ಟು ಸಿಗುವುದಿಲ್ಲ.

ಇಲ್ಲಿ ನಮ್ಮ ಬಂಧುಗಳು ಗಮನಿಸಬೇಕಾದ ಒಂದು ಸಂಗತಿಯಿದೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಮನೆಯಲ್ಲಿ ಕುಳಿತು ಬೀಡಿ ಕಟ್ಟುವವಳನ್ನೂ ಕಾರ್ಮಿಕಳೆಂದು ಒಪ್ಪಿತು. ಇಪ್ಪತ್ತು ದಿನದ ದುಡಿಮೆಗೆ ಒಂದು ದಿನದಂತೆ ಸಂಬಳ ಸಹಿತ ರಜೆ, ಹೆರಿಗೆಯ ಭತ್ಯೆ ಅವಳಿಗೆ ಕಾಯಿದೆಯಲ್ಲಿ ದೊರೆಯಿತು. ಆಮೇಲೆ ಪ್ರಾವಿಡೆಂಟ್ ಫಂಡೂ ಬಂತು. ಇದಕ್ಕಾಗಿ ಬೀಡಿ ಕಾರ್ಮಿಕರ ಸಂಘಗಳು ವರ್ಷಗಟ್ಟಲೆ ಹೋರಾಡಿದವು. ನಾವು ನೋಡಿದ ಒಂದು ಮನೆಯಲ್ಲಿ ಗಂಡ ಈ ನಗರದಲ್ಲಿ ಇಪ್ಪತ್ತೆರಡು ವರ್ಷ ಹೋಟೆಲ್ ಕೆಲಸ ಮಾಡಿದವನು. ಅವನು ಎಲ್ಲಿ ದುಡಿದನೆಂದು ಹೇಳುವ ಒಂದು ಚೀಟಿಯೂ ಅವನಲ್ಲಿಲ್ಲ. ಹೆಂಡತಿಯ ಟ್ರಂಕಿನಲ್ಲಿ ಬೀಡಿಯ ಪುಸ್ತಕ, ಪಿ.ಎಫ್. ನಂಬರು, ಎಲ್ಲವೂ ಜೋಪಾನ. ಮಗಳ ಮದುವೆಗೆ ಕೈಗೆ ಬಂದದ್ದು ಅವಳ ಪಿ.ಎಫ್. ಹಣ. ಮನೆಯಲ್ಲಿದ್ದಾಳೆ ಎಂದು ನಾವು ಹೇಳುತ್ತಿದ್ದವಳು ದಾಖಲೆಯಲ್ಲಿ ಕಾರ್ಮಿಕಳು; ದುಡಿಯಲು ಬಂದ ನಾವು ದಾಖಲೆಯಲ್ಲಿ ಯಾರೂ ಅಲ್ಲ.

ಮನಿಯಾರ್ಡರಿನ ಫಾರಮಿನ ತುದಿಯಲ್ಲಿ ನಾಲ್ಕು ಸಾಲು ಬರೆಯಲು ಜಾಗವಿರುತ್ತಿತ್ತು. ಹಣ ತಲುಪಿಸಿದ ಮೇಲೆ ಅಂಚೆಯವನು ಆ ತುಂಡನ್ನು ಹರಿದು ಮನೆಯವರಿಗೆ ಕೊಡುತ್ತಿದ್ದನು. ಆ ತುಂಡುಗಳನ್ನು ಕಟ್ಟಿ ಇಟ್ಟುಕೊಂಡ ಹೆಂಗಸರು ಊರಿನಲ್ಲಿ ಇನ್ನೂ ಇದ್ದಾರೆ. ಮನೆಯಿಂದ ಇತ್ತ ಬರುತ್ತಿದ್ದುದು ಇನ್‌ಲ್ಯಾಂಡ್ ಕಾಗದ. ಒಮ್ಮೆ ನಮ್ಮ ಜೊತೆ ಕೋಣೆಯಲ್ಲಿದ್ದ ಒಬ್ಬರಿಗೆ ಬಂದ ಕಾಗದದಲ್ಲಿ ಅಕ್ಷರಕ್ಕಿಂತ ಹೆಚ್ಚು ಜಾಗವನ್ನು ಒಂದು ಚಿತ್ರವೇ ಹಿಡಿದಿತ್ತು. ಮಗುವಿನ ಪಾದವನ್ನು ಕಾಗದದ ಮೇಲಿರಿಸಿ ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದಿದ್ದರು, ಚಪ್ಪಲಿ ತರಲು ಅಳತೆ. ಅವರು ಅಂದೇ ಮಾಣೆಕ್ ಚೌಕದ ಕಡೆ ಹೋಗಿ ಒಂದು ಜೊತೆ ಕೊಂಡು ತಂದು ಟ್ರಂಕಿನಲ್ಲಿಟ್ಟರು. ರಜೆ ಸಿಕ್ಕಿದ್ದು ಹದಿಮೂರು ತಿಂಗಳ ಮೇಲೆ. ಚಪ್ಪಲಿ ಮಗುವಿನ ಕಾಲಿಗೆ ಹೋಗಲಿಲ್ಲ; ತಮ್ಮನಿಗಾಯಿತು. ಆ ತಮ್ಮನನ್ನು ಅವರು ನೋಡಿದ್ದು ಅದೇ ಮೊದಲು.

ಮಿಲ್ಲಿನ ಬಂಧುಗಳು ತಮ್ಮ ಪಾಡು ಇದಕ್ಕಿಂತ ಉತ್ತಮವಾಗಿತ್ತೆಂದು ಹೇಳುವುದುಂಟು. ನಿಜ. ಅವರಿಗೆ ಪಾಳಿ ಇತ್ತು, ಭೋಂಗಾ ಕೂಗಿದರೆ ಮನೆ ಇತ್ತು, ಮಜೂರ್ ಮಹಾಜನದ ರಸೀದಿ ಇತ್ತು, ವಾರದ ರಜೆ ಇತ್ತು. ಆದರೆ 1980ರ ದಶಕದಿಂದ ಮುಂದೆ ಈ ಊರಿನ ಹತ್ತಾರು ಮಿಲ್ಲುಗಳು ಒಂದೊಂದಾಗಿ ಮುಚ್ಚಿದಾಗ ಏನಾಯಿತೆಂಬುದನ್ನು ಗೋಮತೀಪುರ, ರಖಿಯಾಲ್, ಸರಸಪುರದ ಓಣಿಗಳಲ್ಲಿ ಕೇಳಿದರೆ ತಿಳಿಯುತ್ತದೆ. ಗಂಡನಿಗೆ ಕೆಲಸ ಹೋದ ಮನೆಗಳಲ್ಲಿ ಒಲೆ ಉರಿಸಿದ್ದು ಹೆಂಗಸರು. ಅಗರಬತ್ತಿ ಉಜ್ಜಿದರು, ಬಟ್ಟೆ ಹೊಲಿದರು, ತರಕಾರಿ ಮಾರಿದರು. ಮಜೂರ್ ಮಹಾಜನದ ಮಹಿಳಾ ವಿಭಾಗದಲ್ಲಿದ್ದ ಇಳಾಬೆನ್ ಭಟ್ಟರು ಇಂಥ ಹೆಂಗಸರಿಗಾಗಿಯೇ 1972ರಲ್ಲಿ ‘ಸೇವಾ’ ಸಂಘವನ್ನು ಕಟ್ಟಿದ್ದರು, 1974ರಲ್ಲಿ ಅವರದೇ ಒಂದು ಬ್ಯಾಂಕನ್ನೂ ತೆರೆದಿದ್ದರು. ಮಾಲಿಕನೇ ಇಲ್ಲದವರು ಸಂಘ ಕಟ್ಟುವುದು ಹೇಗೆಂದು ಆಗ ಅಧಿಕಾರಿಗಳು ಆಕ್ಷೇಪಿಸಿದ್ದರು. ಮಾಲಿಕನಿದ್ದೂ ಸಂಘದ ಚೀಟಿ ತೆಗೆದುಕೊಳ್ಳಲು ಅಂಜುವ ನಮ್ಮ ಹೋಟೆಲ್ ಬಂಧುಗಳಿಗೆ ಇದು ತಿಳಿದಿರಲಿ.

ಸಂಸಾರವನ್ನು ಇಲ್ಲಿಗೇ ತಂದುಬಿಡಿ ಎಂದು ಸುಲಭವಾಗಿ ಹೇಳುವವರಿದ್ದಾರೆ. ತಂದವರು ತಂದಿದ್ದಾರೆ. ಸೂರತ್ತಿನ ನಗರಪಾಲಿಕೆಯು ಒಡಿಯಾ, ತೆಲುಗು, ಮರಾಠಿ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ, ಆಯಾ ಭಾಷೆಯ ಕೆಲಸಗಾರರ ಸಂಸಾರಗಳು ಬಂದು ನೆಲೆಸಿದ್ದರಿಂದ. ನಮ್ಮವರು ಬಹುತೇಕ ಒಂಟಿಯಾಗಿಯೇ ಬಂದೆವು. ಊರಿನಲ್ಲಿ ಮುದಿ ತಾಯಿ, ಎರಡೆಕರೆ ಗದ್ದೆ, ಹೆಂಡತಿಯ ಬೀಡಿ ಪುಸ್ತಕ ಇರುವಾಗ ಎಲ್ಲವನ್ನೂ ಬಿಟ್ಟು ಬಾ ಎಂದು ಹೇಳಲು ನಮಗೆ ಬಾಯಿ ಬರುವುದಿಲ್ಲ. ಎರಡು ಒಲೆಯ ಸಂಸಾರ ಇನ್ನೂ ಬಹುಕಾಲ ನಡೆಯುತ್ತದೆ. ಒಂದೇ ಪಡಿತರ ಚೀಟಿಯಲ್ಲಿ ಊರಿನವರು ಒಂದು ಪಾಲು, ಇಲ್ಲಿರುವವನು ಒಂದು ಪಾಲು ಧಾನ್ಯ ಪಡೆಯುವ ಅನುಕೂಲ ಈಗಿದೆ. ಕರ್ನಾಟಕವೂ ಗುಜರಾತೂ 2020ರ ಜನವರಿಯಿಂದ ಈ ವ್ಯವಸ್ಥೆಯಲ್ಲಿವೆ. ಸರಕಾರದ ಚೀಟಿಗೇ ಎರಡು ಒಲೆ ಅರ್ಥವಾಗಿರುವಾಗ ಧಣಿಗಳ ಪುಸ್ತಕಕ್ಕೂ ಅರ್ಥವಾಗಬೇಕು.

ಆದುದರಿಂದ ನಾವು ಈ ವರ್ಷ ರಜೆಯ ಪ್ರಶ್ನೆಯನ್ನೇ ಮುಂದಿಡುತ್ತಿದ್ದೇವೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ನಮಗೆ ಒಪ್ಪಿಗೆಯಾಗದ ಸಂಗತಿಗಳು ಹಲವಿವೆ. ಅವುಗಳ ಬಗ್ಗೆ ಬೇರೆಯಾಗಿ ಬರೆಯುತ್ತೇವೆ. ಆದರೆ ಕೆಲಸಗಾರನಿಗೆ ನೇಮಕಾತಿ ಪತ್ರ ಕೊಡಬೇಕೆಂಬುದು ಅವುಗಳಲ್ಲಿದೆ. ಹತ್ತು ಮತ್ತು ಅದಕ್ಕೆ ಮೇಲ್ಪಟ್ಟು ಜನರಿರುವ ಕಡೆ, ವರ್ಷಕ್ಕೆ 180 ದಿನ ದುಡಿದವನಿಗೆ ಇಪ್ಪತ್ತು ದಿನಕ್ಕೆ ಒಂದು ದಿನದಂತೆ ಸಂಬಳ ಸಹಿತ ರಜೆಯೂ ಇದೆ. ಬೀಡಿ ಕಟ್ಟುವವಳಿಗೆ 1966ರಲ್ಲಿ ಒಪ್ಪಿದ ಲೆಕ್ಕವೇ ಇದು. 300 ದಿನ ದುಡಿದರೆ 15 ದಿನ. 1998ರ ಜನವರಿಯಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಪ್ರಯಾಣ ಸುಗಮವಾಗಿದೆ. ಆದರೂ ಹೋಗಿ ಬರಲು ಮೂರು ದಿನ ತೆಗೆದರೆ ಮನೆಯಲ್ಲಿ ಉಳಿಯುವುದು ಹನ್ನೆರಡು. ವರ್ಷಕ್ಕೆ ಹನ್ನೆರಡು ದಿನದ ಗಂಡ, ಹನ್ನೆರಡು ದಿನದ ತಂದೆ. ಅದೂ ಇಲ್ಲವೆನ್ನುವವರಿದ್ದಾರೆ. ಪ್ರಯಾಣದ ದಿನಗಳನ್ನು ರಜೆಯಲ್ಲಿ ಹಿಡಿಯಬಾರದು ಎಂಬುದು ನಮ್ಮ ಬೇಡಿಕೆ. ಕಾಯಿದೆಯಲ್ಲಿ ಅದಿಲ್ಲ, ಕೇಳಿ ಪಡೆಯತಕ್ಕದ್ದು.

ಧಣಿಗಳ ಆಕ್ಷೇಪವನ್ನೂ ನ್ಯಾಯವಾಗಿ ನೋಡಬೇಕು. ಆರು ಜನರ ಹೋಟೆಲಿನಲ್ಲಿ ಒಬ್ಬ ಹೋದರೆ ಉಳಿದ ಐವರ ಬೆನ್ನು ಮುರಿಯುತ್ತದೆ ಎನ್ನುತ್ತಾರೆ, ಸುಳ್ಳಲ್ಲ. ಅಂಥ ಎಷ್ಟೋ ಧಣಿಗಳು ತಾವೇ ಮೂರು ವರ್ಷದಿಂದ ಊರು ಕಂಡಿಲ್ಲ. ಹತ್ತು ಜನರಿಲ್ಲದ ಹೋಟೆಲಿಗೆ ಸಂಹಿತೆಯ ಈ ರಜೆ ತಾಕುವುದೂ ಇಲ್ಲ. ನಮ್ಮವರಲ್ಲಿ ಹೆಚ್ಚು ಮಂದಿ ಇರುವುದು ಅಂಥ ಕಡೆಗಳಲ್ಲೇ. ಇದಕ್ಕೆ ಈ ಊರಿನ ಮಿಲ್ಲುಗಳೇ ಒಂದು ದಾರಿ ತೋರಿಸಿದ್ದವು. ಮಿಲ್ಲಿನ ಬಾಗಿಲಲ್ಲಿ ಬೆಳಿಗ್ಗೆ ಬದಲಿಗಳು ನಿಲ್ಲುತ್ತಿದ್ದರು. ಬಾರದವನ ಜಾಗಕ್ಕೆ ಬದಲಿಯವನು ಹೋಗುತ್ತಿದ್ದನು. ಬದಲಿಯವನ ಬಾಳು ಕಷ್ಟದ್ದೇ, ಅದನ್ನು ನಾವು ಹೊಗಳುತ್ತಿಲ್ಲ. ಆದರೆ ಒಂದು ಪೇಟೆಯ ಎಂಟು ಹತ್ತು ಹೋಟೆಲುಗಳು ಸೇರಿ ಇಬ್ಬರು ನುರಿತ ಬದಲಿಗಳನ್ನು ವರ್ಷವಿಡೀ ಪೂರ್ತಿ ಸಂಬಳಕ್ಕೆ ಇಟ್ಟುಕೊಂಡರೆ, ಸರದಿಯ ಪ್ರಕಾರ ಎಲ್ಲರಿಗೂ ರಜೆ ಸಿಗುತ್ತದೆ, ಯಾವ ಹೋಟೆಲಿನ ಮೇಜೂ ಖಾಲಿಯಾಗುವುದಿಲ್ಲ. ಖರ್ಚನ್ನು ಹಂಚಿಕೊಂಡರೆ ಒಬ್ಬೊಬ್ಬ ಧಣಿಗೆ ಬೀಳುವ ಭಾರ ದೊಡ್ಡದಲ್ಲ. ಬದಲಿ ಕೆಲಸಕ್ಕೆ ಬರಲು ಸಿದ್ಧರಿರುವ ಹಿರಿಯ ಸದಸ್ಯರ ಹೆಸರುಗಳನ್ನು ಸಂಘವು ಬರೆದುಕೊಳ್ಳಲಿದೆ.

ಹೋದವನು ಮರಳಿ ಬರುವುದಿಲ್ಲ, ಅದಕ್ಕಾಗಿ ಒಂದು ತಿಂಗಳ ಸಂಬಳ ಹಿಡಿದಿಡುತ್ತೇವೆ ಎಂಬುದು ಇನ್ನೊಂದು ಆಕ್ಷೇಪ. ರಜೆ ಮುಗಿದ ಮೇಲೆ ಮುಂದಿನ ರಜೆ ಯಾವಾಗ ಎಂಬುದೇ ಗೊತ್ತಿಲ್ಲದವನು ಮರಳಿ ಬರಲು ಹಿಂಜರಿದರೆ ಆಶ್ಚರ್ಯವೇನು? ಮುಂದಿನ ತಾರೀಖು ಬರೆದುಕೊಡಿ, ಬರುತ್ತಾನೆ.

ನಮ್ಮ ಸಂಘದ ತಪ್ಪನ್ನೂ ಹೇಳದೆ ಇರುವುದು ಸರಿಯಲ್ಲ. ವರ್ಷವರ್ಷವೂ ವಾರ್ಷಿಕೋತ್ಸವ ಮಾಡಿದೆವು, ಊರಿನಿಂದ ಯಕ್ಷಗಾನ ಮೇಳ ತರಿಸಿದೆವು, ಧಣಿಗಳಿಂದ ದೇಣಿಗೆ ಪಡೆದು ಧಣಿಗಳಿಗೇ ಹಾರ ಹಾಕಿದೆವು. ಆಟ ನೋಡಲು ಬಂದ ಸಪ್ಲೈಯರ್ ಹುಡುಗ ಬೆಳಗಿನ ಪಾಳಿಗೆಂದು ಅರ್ಧದಲ್ಲೇ ಎದ್ದು ಹೋದದ್ದನ್ನು ವೇದಿಕೆಯ ಮೇಲಿನಿಂದ ನೋಡಿಯೂ ಸುಮ್ಮನಿದ್ದೆವು. ರಜೆಯ ಮಾತೆತ್ತಿದರೆ ಮುಂದಿನ ವರ್ಷ ದೇಣಿಗೆ ಬಾರದೆಂಬ ಭಯ ನಮಗಿತ್ತು. ಈಗಲೂ ಸ್ವಲ್ಪ ಇದೆ.

ಜೂನ್ ಮೊದಲ ವಾರದಿಂದ ಕಚೇರಿಯ ಮೇಜಿನ ಮೇಲೆ ಒಂದು ರಜೆ ಪುಸ್ತಕ ಇರುತ್ತದೆ. ಪ್ರತಿಯೊಬ್ಬ ಸದಸ್ಯನೂ ತಾನು ದುಡಿಯುವ ಕಡೆ, ಕೆಲಸಕ್ಕೆ ಸೇರಿದ ವರ್ಷ, ಕೊನೆಯ ಸಲ ಊರಿಗೆ ಹೋದ ತಾರೀಖು, ಈ ವರ್ಷ ಹೋಗಬೇಕಾದ ತಾರೀಖು ಇಷ್ಟನ್ನು ಬರೆಯಿಸಬೇಕು. ಬರೆಯಲು ಬಾರದವರಿಗೆ ನಾವು ಬರೆದುಕೊಡುತ್ತೇವೆ. ಸೂರತ್ ಮತ್ತು ಬರೋಡೆಯ ಬಾಂಧವರು ಫೋನಿನಲ್ಲಿ ತಿಳಿಸಿದರೂ ಸಾಕು. ಧಣಿಗಳೊಡನೆ ಮಾತಿಗೆ ಕೂರುವಾಗ ನಾವು ತೆಗೆದುಕೊಂಡು ಹೋಗುವುದು ಆ ಪುಸ್ತಕವನ್ನೇ. ಮೊನ್ನೆ ಪುಸ್ತಕಕ್ಕೆ ಗೆರೆ ಹಾಕುತ್ತಿದ್ದಾಗಲೇ ಒಬ್ಬ ಹುಡುಗ ಬಂದು ತನ್ನ ಹೆಸರು ಮೊದಲು ಇರಲೆಂದನು. ಯಾವ ತಾರೀಖೆಂದು ಕೇಳಿದ್ದಕ್ಕೆ, ಮಗಳನ್ನು ಒಂದನೆಯ ತರಗತಿಗೆ ಸೇರಿಸುವ ದಿನ ಎಂದನು. ತಾರೀಖು ಅವನಿಗೆ ತಿಳಿದಿರಲಿಲ್ಲ. ಮನೆಗೆ ಫೋನು ಮಾಡಿ ಕೇಳಿ ಬರೆಯಿಸಿದನು.